ಹುಬ್ಬಳ್ಳಿ ಬಿಟ್ಟು ಸಂಸಾರವನ್ನು ಪುಣೆಗೆ ತರಬೇಕಾ? ಲೆಕ್ಕ ನೋಡಿ ಹೇಳಿ

ಉಣಕಲ್ಲಿನವ

ಎಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿ ಉಣಕಲ್ಲಿನವನು. ಹದಿಮೂರು ವರ್ಷ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಈಗ ಪುಣೆ ಹತ್ತಿರದ ಚಾಕಣ್‌ನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ವಿಭಾಗಕ್ಕೆ ಫೆಬ್ರವರಿ ಒಂದರ ಲೆಕ್ಕದಲ್ಲಿ ಸೇರಿದ್ದೇನೆ. ಭೋಸರಿಯಲ್ಲಿ ಮೂವರು ಒಂದು ರೂಮಿನಲ್ಲಿದ್ದೇವೆ. ನನ್ನ ಪಾಲಿನ ಬಾಡಿಗೆ 7,500. ಊಟಕ್ಕೆ ಡಬ್ಬಾ, ತಿಂಗಳಿಗೆ 4,500. ಮೊದಲ ಸಂಬಳ ಇನ್ನೂ ಕೈಗೆ ಬಂದಿಲ್ಲ.

ಹೆಂಡತಿ, ಮೂರನೇ ಕ್ಲಾಸಿನ ಮಗಳು, ಅವ್ವ ಹುಬ್ಬಳ್ಳಿಯಲ್ಲಿದ್ದಾರೆ. ಜೂನ್ ಹೊತ್ತಿಗೆ ಹೆಂಡತಿ ಮಗಳನ್ನು ಇಲ್ಲಿಗೆ ಕರೆತರಬೇಕು ಅಂತ ನನ್ನ ಆಸೆ. ಆದರೆ ಹೆಂಡತಿ ಧಾರವಾಡದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಬಿಡುವುದಾದರೆ ಮಾರ್ಚ್ ಮುಗಿಯುವುದರೊಳಗೆ ಅವರಿಗೆ ಹೇಳಬೇಕು. ಒಮ್ಮೆ ಬಿಟ್ಟರೆ ಆ ಜಾಗ ಮತ್ತೆ ಸಿಗುವುದಿಲ್ಲ. ಅದಕ್ಕೇ ಇಲ್ಲಿರುವ ನಮ್ಮವರನ್ನು ಕೇಳಿ ಮುಂದೆ ಹೆಜ್ಜೆ ಇಡೋಣ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆಯ ಲೆಕ್ಕ ಮುಚ್ಚಿಡದೆ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ನನ್ನ ಕೈಗೆ 46,000 ಬರುತ್ತಿತ್ತು. ಹೆಂಡತಿಗೆ 16,000. ಒಟ್ಟು 62,000. ಮನೆ ಅಪ್ಪ ಕಟ್ಟಿಸಿದ್ದು, ಬಾಡಿಗೆ ಇಲ್ಲ. ಮೂರು ವರ್ಷದ ಹಿಂದೆ ಮೇಲೊಂದು ಮಹಡಿ ಕಟ್ಟಿದೆವು, ಅದರ ಸಾಲದ ಕಂತು 8,400. ಗೃಹಜ್ಯೋತಿ ಇರುವುದರಿಂದ ಕರೆಂಟಿಗೆ ದುಡ್ಡು ಕಟ್ಟಿಯೇ ಎರಡು ವರ್ಷದ ಮೇಲಾಯಿತು. ಹೆಂಡತಿ ದಿನಾ ಧಾರವಾಡಕ್ಕೆ ಹೋಗಿ ಬರುವುದು ಸಾದಾ ಸಾರಿಗೆ ಬಸ್ಸಿನಲ್ಲಿ, ಶಕ್ತಿ ಯೋಜನೆಯಿಂದ ಅದಕ್ಕೂ ಖರ್ಚಿಲ್ಲ. ಕಿರಾಣಿ, ಹಾಲು, ಮಗಳ ಫೀಸು, ವ್ಯಾನು, ನನ್ನ ಪೆಟ್ರೋಲು, ಅವ್ವನ ಮಾತ್ರೆ, ಮದುವೆ ಮುಂಜಿ ಎಲ್ಲಾ ಸೇರಿ, ಕಂತನ್ನೂ ಹಿಡಿದು, ತಿಂಗಳಿಗೆ 36,000 ಆಗುತ್ತಿತ್ತು. 26,000 ಉಳಿಯುತ್ತಿತ್ತು.

ಇಲ್ಲಿ ಆಫರ್ ಲೆಟರಿನಲ್ಲಿ ವರ್ಷಕ್ಕೆ 10,20,000 ಅಂತ ಇದೆ. ಹನ್ನೆರಡರಿಂದ ಭಾಗಿಸಿದರೆ 85,000. ಸೇರುವಾಗ ಮಾತಾಡಿದ ಮೇಡಂ ಕೂಡ ಎಂಬತ್ತೈದು ಅಂತಲೇ ಹೇಳಿದರು. 46 ಇದ್ದದ್ದು 85 ಆದರೆ ಹೆಂಡತಿಯ ಸಂಬಳ ಹೋದರೂ ನಡೆಯುತ್ತದೆ ಅಲ್ವಾ ಅನ್ನುವ ಧೈರ್ಯದ ಮೇಲೆ ನಾನು ಬಂದದ್ದು. ಈಗ ಮೋಶಿಯಲ್ಲಿ ಎರಡು ಬೆಡ್‌ರೂಮಿನ ಮನೆಗೆ 17,500 ಕೇಳುತ್ತಿದ್ದಾರೆ. ವಾಕಡ್‌ನಲ್ಲಿ 28,000 ಅಂದರು, ಅಲ್ಲಿಂದ ಎದ್ದು ಬಂದೆ. ಕಂಪನಿ ಬಸ್ಸು ಮೋಶಿ ದಾರಿಯಲ್ಲೇ ಹೋಗುವುದರಿಂದ ಆ ಕಡೆಯೇ ನೋಡುತ್ತಿದ್ದೇನೆ.

ನನ್ನ ಜೊತೆಯವರೊಬ್ಬರು ಇನ್ನೊಂದು ಭಯ ಹಾಕಿದ್ದಾರೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಲೆಕ್ಕದಲ್ಲಿ ಪುಣೆಗೆ ಮುಂಬಯಿಯಷ್ಟು ವಿನಾಯಿತಿ ಇಲ್ಲ, ಸಂಬಳ ಹೆಚ್ಚಿದ್ದಕ್ಕೆ ತೆರಿಗೆಯೂ ಜಾಸ್ತಿ ಬೀಳುತ್ತದೆ, ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ಬೇರೆ ಇದೆ ಅಂತ. ಇದು ನಿಜವಾ? ಕೆಎ 25 ನಂಬರಿನ ನನ್ನ 2017ರ ಕಾರನ್ನು ತಂದರೆ ಏನು ಮಾಡಬೇಕು? ಮಗಳ ಕನ್ನಡದ ಗತಿ ಏನು? ನಿಮ್ಮ ಮನೆಯಲ್ಲಿ ಆದದ್ದನ್ನೇ ಬರೆಯಿರಿ. ದಿನಾ ರಾತ್ರಿ ಫೋನಿನಲ್ಲಿ ಮಗಳು "ಅಪ್ಪಾ, ಎಷ್ಟು ದಿನ ಆಯ್ತು?" ಅಂತ ಕೇಳುತ್ತಾಳೆ. ಅವಳೇ ಲೆಕ್ಕ ಇಟ್ಟಿದ್ದಾಳೆ.

---

ಕೋಥರೂಡ್ ವಿಜಯಪುರ

ನಮಸ್ಕಾರ ಸರ್. ನಾವು ವಿಜಯಪುರದವರು, ಪುಣೆಗೆ ಬಂದು ಒಂಬತ್ತು ವರ್ಷ. ತೆರಿಗೆ ವಿಷಯ ಗೊತ್ತಿರುವವರು ಹೇಳಲಿ. ನಾನು ಮನೆ, ಶಾಲೆ, ಕಾರಿನ ಬಗ್ಗೆ ಬರೆಯುತ್ತೇನೆ.

ಇಲ್ಲಿ ಬಾಡಿಗೆ ಕರಾರಿಗೆ ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ. ನಮ್ಮ ಕಡೆ ಸ್ಟಾಂಪ್ ಪೇಪರಿನ ಮೇಲೆ ಬರೆದು ಸಹಿ ಹಾಕಿ ಮುಗಿಸುವ ಹಾಗೆ ಇಲ್ಲಿ ಆಗುವುದಿಲ್ಲ. ಹನ್ನೊಂದೇ ತಿಂಗಳಿನದಾದರೂ ನೋಂದಣಿ ಕಡ್ಡಾಯ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯಿದೆಯಲ್ಲೇ ಅದು ಇದೆ, ಮಾಡಿಸುವ ಹೊಣೆ ಮನೆ ಮಾಲೀಕರದ್ದು. ಸ್ಟಾಂಪ್ ಶುಲ್ಕ ಒಟ್ಟು ಬಾಡಿಗೆಯ ಮೇಲೆ ಶೇಕಡಾ 0.25, ಡಿಪಾಜಿಟ್ಟಿನ ಬಡ್ಡಿಯನ್ನೂ ಸ್ವಲ್ಪ ಹಿಡಿಯುತ್ತಾರೆ. ನೀವು ಹೇಳಿದ ಬಾಡಿಗೆಗೆ ಅದು ಐನೂರರ ಆಸುಪಾಸು. ನೋಂದಣಿ ಶುಲ್ಕ ನಗರದಲ್ಲಿ 1,000. ಏಜೆಂಟರು ಮನೆಗೇ ಬಂದು ಫೋಟೊ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಅವರ ಕೂಲಿ ಬೇರೆ. ಪೊಲೀಸ್ ಸ್ಟೇಷನ್ನಿಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನೂ ಅವರೇ ಮುಗಿಸಿಕೊಡುತ್ತಾರೆ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಕೊಡಬೇಕಾಗುತ್ತದೆ.

ಸೊಸೈಟಿ ಮೇಂಟೆನೆನ್ಸ್ ಯಾರು ಕಟ್ಟಬೇಕು ಅನ್ನುವುದನ್ನು ಕರಾರಿನಲ್ಲಿ ಬರೆಸಿ. ನಾವು ಮೊದಲ ಮನೆಯಲ್ಲಿ ಬಾಯಿಮಾತಿಗೆ ಒಪ್ಪಿ, ಮೂರನೇ ತಿಂಗಳಿಂದ 2,200 ಹೆಚ್ಚಿಗೆ ಕೊಟ್ಟೆವು.

ಮತ್ತೆ ನೀರು. ಇದನ್ನು ಮಾತ್ರ ದಯವಿಟ್ಟು ಕೇಳದೆ ಬಿಡಬೇಡಿ. ಹೊಸ ಸೊಸೈಟಿಗಳಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ಮೇಲೆಯೇ ಬದುಕು. ಮನೆ ತೋರಿಸುವ ಬ್ರೋಕರನ್ನು ಕೇಳಬೇಡಿ. ಗೇಟಿನ ಕಾವಲುಗಾರನನ್ನು ಕೇಳಿ, ದಿನಕ್ಕೆ ಎಷ್ಟು ಟ್ಯಾಂಕರ್ ಒಳಗೆ ಹೋಗುತ್ತೆ ಅಂತ. ಅವನಿಗೆ ಸರಿಯಾಗಿ ಗೊತ್ತಿರುತ್ತದೆ.

ಕನ್ನಡ ಶಾಲೆ ಎರಂಡವಣೆಯ ಗಣೇಶನಗರದಲ್ಲಿ ಇದೆ, ಪುಣೆ ಕನ್ನಡ ಸಂಘದವರು ನಡೆಸುವ ಡಾ. ಕಲ್ಮಾಡಿ ಶಾಮರಾವ್ ಶಾಲೆ. ನಮ್ಮ ಮನೆಯಿಂದ ಹತ್ತಿರ. ಆದರೆ ಮೋಶಿಯಿಂದ ಇಪ್ಪತ್ತು ಕಿಲೋಮೀಟರ್ ಮೇಲಾಗುತ್ತದೆ. ಮೂರನೇ ಕ್ಲಾಸಿನ ಮಗುವನ್ನು ದಿನಾ ಅಷ್ಟು ದೂರ ಕಳಿಸಿ ಅಂತ ನಾನು ಹೇಳಲಾರೆ. ಇನ್ನು ಇಲ್ಲಿ ಯಾವ ಬೋರ್ಡಿನ ಶಾಲೆಗೆ ಸೇರಿಸಿದರೂ ಮರಾಠಿ ಕಲಿಯಬೇಕು, 2020ರ ಕಾನೂನು ಅದು. ಮಕ್ಕಳು ಬೇಗ ಕಲಿಯುತ್ತಾರೆ, ಅದರ ಚಿಂತೆ ಬೇಡ. ಕನ್ನಡವನ್ನು ಮಾತ್ರ ಮನೆಯಲ್ಲಿ ನಾವೇ ಕೂತು ಬರೆಸಬೇಕು. ನನ್ನ ಮಗನಿಗೆ ಅವನ ಅಜ್ಜಿ ವಾರಕ್ಕೊಂದು ಪತ್ರ ಬರೆಯುತ್ತಾರೆ, ಅವನು ಉತ್ತರ ಬರೆಯಬೇಕು. ಎರಡು ವರ್ಷದಿಂದ ಹೀಗೇ ನಡೆದಿದೆ.

ಕಾರನ್ನು ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಎಂಎಚ್ ನಂಬರು ಮಾಡಿಸಬೇಕು. ಮೊದಲು ಊರಿನ ಆರ್‌ಟಿಒದಿಂದ ಎನ್‌ಒಸಿ. ಆಮೇಲೆ ಇಲ್ಲಿ ಗಾಡಿಯ ವಯಸ್ಸು ನೋಡಿ ರಸ್ತೆ ತೆರಿಗೆ. ಅದನ್ನು ಕಟ್ಟಿದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದರ ಉಳಿದ ಪಾಲನ್ನು ವಾಪಸ್ ಕೇಳಬೇಕು. ನಾನು ಈ ಓಡಾಟ ಮಾಡಿದ್ದೇನೆ, ಎಂಟು ತಿಂಗಳು ಹಿಡಿಯಿತು. ಕಂಪನಿ ಬಸ್ಸು ಇರುವಾಗ ಕಾರು ತರಬೇಡಿ ಅನ್ನುವುದು ನನ್ನ ಮಾತು.

ಬಿಳಿಜೋಳ ಇಲ್ಲೂ ಚೆನ್ನಾಗಿ ಸಿಗುತ್ತದೆ, ಸೋಲಾಪುರ ಕಡೆಯದು. ಗಿರಣಿಗೆ ಇಲ್ಲೂ ಗಿರಣಿ ಅಂತಲೇ ಅನ್ನುತ್ತಾರೆ.

---

ಪಿಂಪ್ರಿ ಲೆಕ್ಕದವ

ಸರ್, ನಾನು ಪಿಂಪ್ರಿಯಲ್ಲಿ ಸಣ್ಣ ಕಂಪನಿಗಳ ಸಂಬಳದ ಲೆಕ್ಕ, ರಿಟರ್ನ್ ಕೆಲಸ ಮಾಡುತ್ತೇನೆ. ಊರು ಸವದತ್ತಿ. ನಿಮ್ಮ ಬರಹ ಓದಿ ರಾತ್ರಿಯೇ ಉತ್ತರ ಬರೆಯಬೇಕು ಅನ್ನಿಸಿತು. ನೀವು 85,000 ಅಂತ ಹಿಡಿದು ಮನೆ ನೋಡುತ್ತಿದ್ದೀರಿ. ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

10,20,000 ಅನ್ನುವುದು ಸಿಟಿಸಿ. ಕಂಪನಿಗೆ ನಿಮ್ಮಿಂದ ಬೀಳುವ ಒಟ್ಟು ಖರ್ಚು ಅದು, ನಿಮ್ಮ ಸಂಬಳ ಅಲ್ಲ. ನಿಮ್ಮ ಲೆಟರಿನ ಕೊನೆಯ ಪುಟ ತೆಗೆದು ನೋಡಿ. ಬೇಸಿಕ್, ಅಂದರೆ ಮೂಲ ವೇತನ, ಸಿಟಿಸಿಯ ಅರ್ಧ ಇದೆ ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕುತ್ತೇನೆ, ನಮ್ಮ ಕಡೆ ಬಹಳ ಕಂಪನಿಗಳಲ್ಲಿ ಹಾಗೇ ಇರುತ್ತದೆ. ಅಂದರೆ ಬೇಸಿಕ್ ತಿಂಗಳಿಗೆ 42,500. ಕಂಪನಿಯ ಪಾಲಿನ ಪಿಎಫ್ ಶೇಕಡಾ 12, ವರ್ಷಕ್ಕೆ 61,200. ಅದು ನಿಮ್ಮದೇ ದುಡ್ಡು, ಆದರೆ ಕೈಗೆ ಬರುವುದಿಲ್ಲ. ಗ್ರಾಚ್ಯುಟಿ ಅಂತ 24,500 ಚಿಲ್ಲರೆ ತೋರಿಸಿರುತ್ತಾರೆ. ಅದು ಐದು ವರ್ಷ ಇದ್ದರೆ, ಬಿಡುವಾಗ ಬರುವ ದುಡ್ಡು. ವೇರಿಯಬಲ್ ಪೇ ಅಂತ ಶೇಕಡಾ 10 ಇದ್ದರೆ ಅದು 1,02,000. ಕಂಪನಿಯ ವ್ಯಾಪಾರ, ನಿಮ್ಮ ರೇಟಿಂಗ್ ನೋಡಿ ವರ್ಷಕ್ಕೊಮ್ಮೆ ಕೊಡುತ್ತಾರೆ. ಪೂರ್ತಿ ಬರಬಹುದು, ಅರ್ಧ ಬರಬಹುದು. ಮನೆ ಬಾಡಿಗೆಯನ್ನು ಅದರ ಮೇಲೆ ನಂಬಿ ಕೂರಬಾರದು.

ಇವು ಮೂರನ್ನೂ ತೆಗೆದರೆ ಉಳಿಯುವುದು ಸುಮಾರು 8,32,200. ತಿಂಗಳಿಗೆ 69,350. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 5,100 ಹೋಗುತ್ತದೆ, ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ 64,050. ಫೆಬ್ರವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300 ಹಿಡಿಯುತ್ತಾರೆ, ಹಾಗಾಗಿ ಮೊದಲ ಸಂಬಳ ನೂರು ರೂಪಾಯಿ ಕಡಿಮೆ ಬಂದರೆ ಗಾಬರಿ ಆಗಬೇಡಿ.

ವೃತ್ತಿ ತೆರಿಗೆಗೆ ಹೆದರುವುದು ಏನೂ ಇಲ್ಲ. ಕರ್ನಾಟಕದಲ್ಲೂ ವರ್ಷಕ್ಕೆ 2,500, ಇಲ್ಲೂ 2,500. ನಿಮ್ಮ ಮನೆಯವರು ಇಲ್ಲಿ ಕೆಲಸಕ್ಕೆ ಸೇರಿ ಸಂಬಳ ತಿಂಗಳಿಗೆ 25,000 ದಾಟದಿದ್ದರೆ ಅವರಿಗೆ ಅದೂ ಇಲ್ಲ. ಮಹಾರಾಷ್ಟ್ರದಲ್ಲಿ ಹೆಂಗಸರಿಗೆ 2023ರಿಂದ ಆ ವಿನಾಯಿತಿ ಇದೆ.

ಇನ್ನು ಆದಾಯ ತೆರಿಗೆ. ನಿಮ್ಮ ಜೊತೆಯವರು ಹಳೇ ಕಾಲದ ಲೆಕ್ಕ ಹೇಳಿದ್ದಾರೆ. ಎಚ್‌ಆರ್‌ಎ ವಿನಾಯಿತಿ ಇರುವುದು ಹಳೇ ಪದ್ಧತಿಯಲ್ಲಿ ಮಾತ್ರ. ನೀವಾಗಿ ಹಳೆಯದು ಬೇಕು ಅಂತ ಕೇಳದಿದ್ದರೆ ಕಂಪನಿ ನಿಮ್ಮನ್ನು ಹೊಸ ಪದ್ಧತಿಯಲ್ಲೇ ಹಿಡಿಯುತ್ತದೆ. 2025-26ರಿಂದ ಹೊಸ ಪದ್ಧತಿಯಲ್ಲಿ ತೆರಿಗೆಗೆ ಬರುವ ಆದಾಯ 12 ಲಕ್ಷ ದಾಟದಿದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಸಂಬಳದಾರರಿಗೆ ಅದಕ್ಕೂ ಮೊದಲು 75,000 ಕಳೆಯುತ್ತಾರೆ. ವೇರಿಯಬಲ್ ಪೂರ್ತಿ ಬಂದರೂ ನೀವು 12 ಲಕ್ಷದ ಹತ್ತಿರವೂ ಹೋಗುವುದಿಲ್ಲ. ಹಾಗಾಗಿ ಬಾಡಿಗೆ ವಿನಾಯಿತಿಗೆ ಪುಣೆ ಯಾವ ಊರುಗಳ ಪಟ್ಟಿಯಲ್ಲಿದೆ ಅನ್ನುವ ಪ್ರಶ್ನೆಯೇ ನಿಮಗೆ ಬೇಡ. ಯಾರಾದರೂ ಬಾಡಿಗೆ ರಸೀತಿ ತೋರಿಸಿ ತೆರಿಗೆ ಉಳಿಸಿ ಅಂದರೆ ಸುಮ್ನೆ ಕೇಳಿ ಬಿಟ್ಟುಬಿಡಿ. ಇಲ್ಲದ ತೆರಿಗೆಯನ್ನು ಉಳಿಸುವುದು ಹೇಗೆ?

ಒಂದೇ ಒಂದು ಕೆಲಸ ತಪ್ಪದೆ ಮಾಡಿ. ಹುಬ್ಬಳ್ಳಿ ಕಂಪನಿಯ ಪಿಎಫ್ ತೆಗೆದುಕೊಳ್ಳಬೇಡಿ. ಪಿಎಫ್‌ನ ಯುಎಎನ್ ನಂಬರು ಒಂದೇ ಇರಲಿ, ಹಳೆಯದನ್ನು ಹೊಸ ಕಂಪನಿಗೆ ವರ್ಗಾಯಿಸಿ. ಊರು ಬದಲಿಸುವಾಗ ಡಿಪಾಜಿಟ್ಟಿಗೆ ಅಂತ ಪಿಎಫ್ ಮುರಿಸಿದವರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ. ಹದಿಮೂರು ವರ್ಷದ ಗಂಟು ಅದು, ಬಾಡಿಗೆ ಮನೆಗೆ ಸುರಿಯಬೇಡಿ.

---

ಉಣಕಲ್ಲಿನವ

ಇಬ್ಬರಿಗೂ ತುಂಬಾ ಉಪಕಾರ. ಪಿಂಪ್ರಿ ಸರ್, ಲೆಟರಿನ ಕೊನೆಯ ಪುಟ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಇದೆ, ವೇರಿಯಬಲ್ ಕೂಡ 1,02,000. ಸ್ವಲ್ಪ ಹೊತ್ತು ಕೈಕಾಲು ಆಡಲಿಲ್ಲ. ಹೆಂಡತಿಗೆ ಫೋನ್ ಮಾಡಿ ಇಬ್ಬರೂ ಆ ಕಡೆ ಈ ಕಡೆ ನೋಟ್‌ಬುಕ್ ಹಿಡಿದು ಕೂತೆವು.

ಇಬ್ಬರನ್ನೂ ಕರೆತಂದರೆ ಹೀಗಾಗುತ್ತದೆ. ಬಾಡಿಗೆ 17,500. ಕರೆಂಟು, ಗ್ಯಾಸು 2,200. ಕಿರಾಣಿ, ತರಕಾರಿ 11,000. ಹಾಲು 2,700. ಮಗಳಿಗೆ ನೋಡಿದ ಶಾಲೆಯಲ್ಲಿ ವರ್ಷಕ್ಕೆ 65,000, ತಿಂಗಳಿಗೆ ಹಂಚಿದರೆ 5,400. ಶಾಲೆ ಬಸ್ಸು 1,900. ಸಾಲದ ಕಂತು 8,400 ಎಲ್ಲಿದ್ದರೂ ತಪ್ಪದು. ಅವ್ವ ಊರು ಬಿಟ್ಟು ಬರುವುದಿಲ್ಲ ಅಂತ ಖಂಡಿತವಾಗಿ ಹೇಳಿದ್ದಾರೆ. ಅವರ ಊಟ, ಹಾಲು, ಮಾತ್ರೆ, ಮನೆಗೆಲಸಕ್ಕೆ ಒಬ್ಬರು ಅಂದರೆ 9,000. ಊರಿಗೆ ಹೋಗಿ ಬರಲು 3,000. ಬಟ್ಟೆ, ಮೊಬೈಲು, ಮದುವೆ ಮುಂಜಿ, ಹಬ್ಬ 7,000. ಒಟ್ಟು 68,100.

ಬರುವುದು 64,050. ಹೋಗುವುದು 68,100.

ಹುಬ್ಬಳ್ಳಿಯಲ್ಲಿ ತಿಂಗಳಿಗೆ 26,000 ಉಳಿಸುತ್ತಿದ್ದವನು ಇಲ್ಲಿ ನಾಲ್ಕು ಸಾವಿರ ಸಾಲ ಮಾಡಬೇಕು. ಅದರ ಮೇಲೆ ಡಿಪಾಜಿಟ್ 50,000, ಬ್ರೋಕರ್ 17,500, ಸಾಮಾನು ತರುವ ಲಾರಿಗೆ 22,000, ಕರಾರಿಗೆ 3,000. ಹೆಂಡತಿಗೆ ಇಲ್ಲಿ 18,000ದ ಕೆಲಸ ಸಿಕ್ಕರೆ 14,000 ಉಳಿಯುತ್ತದೆ. ಆಗಲೂ ಊರಿನಲ್ಲಿ ಉಳಿಯುತ್ತಿದ್ದಕ್ಕಿಂತ ಕಡಿಮೆಯೇ.

ಈಗಿರುವ ಹಾಗೆ ನಾನೊಬ್ಬನೇ ರೂಮಿನಲ್ಲಿ ಇದ್ದರೆ, ಅವಳ 16,000 ಸೇರಿ, ಎರಡೂ ಕಡೆಯ ಖರ್ಚು ಕಳೆದು ಸುಮಾರು 31,500 ಉಳಿಯುತ್ತದೆ. ದುಡ್ಡಿನ ಮಾತೇ ಆದರೆ ಇದೇ ಒಳ್ಳೆಯದು. ಆದರೆ ಮಗಳು ಬೆಳೆಯುವುದನ್ನು ಫೋನಿನಲ್ಲಿ ನೋಡಬೇಕು. ವಾಪಸ್ ಹೋಗೋಣ ಅಂದರೆ ಹಳೇ ಜಾಗಕ್ಕೆ ಬೇರೆಯವರು ಬಂದಾಗಿದೆ. ನನ್ನ ಕೆಲಸದಲ್ಲಿ ಮೇಲೆ ಹೋಗುವ ದಾರಿಯೂ ಅಲ್ಲಿ ಇರಲಿಲ್ಲ, ಹದಿಮೂರು ವರ್ಷ ಕಾದು ನೋಡಿಯೇ ಬಂದದ್ದು.

ಎಲ್ಲಿ ಕಡಿಮೆ ಮಾಡಬಹುದು ಅಂತ ಯಾರಾದರೂ ಹೇಳಿ.

---

ಡೊಂಬಿವಲಿ ಅಕ್ಕ

ತಮ್ಮಾ, ನಿಮ್ಮ ಎರಡೂ ಬರಹ ಓದಿದೆ. ನಾನು ಗದಗಿನವಳು. 2003ರಲ್ಲಿ ಡೊಂಬಿವಲಿಗೆ ಬಂದೆವು. ನಿಮ್ಮ ಮನೆಯವರ ಜಾಗದಲ್ಲಿ ನಿಂತು ಎರಡು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗದಗಿನಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಸಂಬಳ ಆಗ 4,500. ನಮ್ಮ ಮನೆಯವರಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಕೂತು ಅವರ ಸಂಬಳ ಎಷ್ಟು ಹೆಚ್ಚಾಯಿತು ಅಂತ ಮಾತಾಡಿದರು. ನನ್ನ 4,500 ಹೋಗುತ್ತದೆ ಅಂತ ಒಬ್ಬರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಇಲ್ಲಿಗೆ ಬಂದ ಮೇಲೆ ಕೆಲಸ ಬೇಗ ಸಿಗುತ್ತದೆ ಅಂದುಕೊಂಡಿದ್ದೆ. ಮರಾಠಿ ಬರುತ್ತಿರಲಿಲ್ಲ. ಹಿಂದಿ ಅಷ್ಟಕ್ಕಷ್ಟೆ. ನಾಲ್ಕು ವರ್ಷ ಮನೆಯಲ್ಲಿ ಕೂತೆ. ಆಮೇಲೆ ನಮ್ಮ ಕಟ್ಟಡದ ಮಕ್ಕಳಿಗೆ ಟ್ಯೂಷನ್ ಶುರು ಮಾಡಿ, ಅದರಿಂದ ಒಂದು ಶಾಲೆಗೆ ಸೇರಿದೆ. ಆ ನಾಲ್ಕು ವರ್ಷ ದುಡ್ಡಿನ ನಷ್ಟಕ್ಕಿಂತ ಜಾಸ್ತಿ ನನ್ನನ್ನು ಕುಗ್ಗಿಸಿತು. ಅದಕ್ಕೇ ಹೇಳುತ್ತೇನೆ. ನಿಮ್ಮ ಮನೆಯವರು ಇಲ್ಲಿ ಕೆಲಸ ಕೈಗೆ ಸಿಗುವ ತನಕ ಅಲ್ಲಿಯದನ್ನು ಬಿಡಬಾರದು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಇರುತ್ತದಲ್ಲ, ಆಗ ಬಂದು ಇಲ್ಲಿಯ ಶಾಲೆಗಳಿಗೆ ಅರ್ಜಿ ಕೊಟ್ಟು ಪಾಠ ಮಾಡಿ ತೋರಿಸಲಿ. ಇಲ್ಲಿ ಸ್ಟೇಟ್ ಬೋರ್ಡ್ ಶಾಲೆಗಳು ತೆರೆಯುವುದು ಜೂನ್ ಮಧ್ಯದಲ್ಲಿ. ಅವರ ಶಾಲೆಯಲ್ಲಿ ಮಾರ್ಚ್ ಬದಲು ಏಪ್ರಿಲ್ ಕೊನೆಯ ತನಕ ಸಮಯ ಕೇಳಿ ನೋಡಲಿ. ಒಳ್ಳೆಯ ಟೀಚರನ್ನು ಕಳೆದುಕೊಳ್ಳುವುದು ಅವರಿಗೂ ಇಷ್ಟ ಇರುವುದಿಲ್ಲ.

ಇನ್ನೊಂದು, ದಾರಿಯ ಗಂಟೆಗಳು. ನಮ್ಮ ಮನೆಯವರು ಹದಿನೇಳು ವರ್ಷ ಬೆಳಿಗ್ಗೆ ಏಳೂ ಹತ್ತರ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆಗೆ ಬಂದರು. ಬಾಡಿಗೆ ಕಡಿಮೆ ಅಂತ ಡೊಂಬಿವಲಿಗೆ ಬಂದಿದ್ದೆವು. ದೊಡ್ಡ ಮಗ ಅಪ್ಪನನ್ನು ಎಚ್ಚರ ಇದ್ದು ನೋಡಿದ್ದು ಭಾನುವಾರ ಮಾತ್ರ. ಚಾಕಣ್ ರಸ್ತೆಯ ಟ್ರಾಫಿಕ್ ಬಗ್ಗೆ ನನ್ನ ತಂಗಿ ಹೇಳುತ್ತಿರುತ್ತಾಳೆ. ಮೋಶಿಯಿಂದ ಕಂಪನಿ ಬಸ್ಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಒಂದು ವಾರ ಬರೆದಿಡಿ. ಮನೆಗೆ ಎಂಟಕ್ಕೆ ಬರುವುದಾದರೆ, ಮಗಳ ಸಲುವಾಗಿ ಕರೆತಂದೆ ಅನ್ನುವ ಮಾತು ಎಷ್ಟು ನಿಜವಾಗುತ್ತದೆ ನೋಡಿಕೊಳ್ಳಿ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಮೂವರಿಗೆ ಎರಡು ಬೆಡ್‌ರೂಮ್ ಯಾಕೆ ಬೇಕು? ಅವ್ವ ಬರುವುದಿಲ್ಲ ಅಂದಿದ್ದಾರೆ. ಮೊದಲ ವರ್ಷ ಒಂದು ಬೆಡ್‌ರೂಮಿನದು ಸಾಕು. ಅಲ್ಲಿ ಮೂರೂವರೆ ಸಾವಿರ ಉಳಿಯುತ್ತದೆ, ಡಿಪಾಜಿಟ್ಟೂ ಕಡಿಮೆ ಆಗುತ್ತದೆ.

ಮತ್ತೆ ಒಂದು ಪ್ರಶ್ನೆ. ಮೇಲೊಂದು ಮಹಡಿ ಕಟ್ಟಿದ್ದೀರಿ, ಕಂತು ಕಟ್ಟುತ್ತಿದ್ದೀರಿ. ಆ ಮಹಡಿಯಲ್ಲಿ ಯಾರಿದ್ದಾರೆ? ನಿಮ್ಮ ಬರಹದಲ್ಲಿ ಎಲ್ಲೂ ಅದರ ಬಾಡಿಗೆ ಕಾಣಲಿಲ್ಲ. ಖಾಲಿ ಇದ್ದರೆ ಒಂದು ಸಣ್ಣ ಸಂಸಾರಕ್ಕೆ ಕೊಡಿ. ದುಡ್ಡಂತೂ ಬರುತ್ತದೆ. ಅದಕ್ಕಿಂತ ಮುಖ್ಯ, ರಾತ್ರಿ ಹೊತ್ತು ಅವ್ವ ಆ ಮನೆಯಲ್ಲಿ ಒಬ್ಬರೇ ಇರಬೇಕಾಗಿಲ್ಲ. ನಮ್ಮ ಅತ್ತೆ ಗದಗಿನಲ್ಲಿ ಒಬ್ಬರೇ ಇದ್ದಾಗ ಬಚ್ಚಲಲ್ಲಿ ಜಾರಿ ಬಿದ್ದರು. ಬೆಳಿಗ್ಗೆ ಹಾಲಿನವನು ಬಂದು ಕೂಗುವ ತನಕ ಯಾರಿಗೂ ಗೊತ್ತಾಗಲಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಎರಡು ಒಲೆ ಹಚ್ಚುವ ಮುಂಚೆ ಆ ಕಡೆಯ ಒಲೆಯ ಹತ್ತಿರ ಯಾರಿರುತ್ತಾರೆ ಅಂತ ನೋಡಬೇಕು.

ಅವ್ವನನ್ನು ಕೇಳಿ. ಅವರು ಒಪ್ಪಿದರೆ ಮಾತ್ರ.

---

ಪಿಂಪ್ರಿ ಲೆಕ್ಕದವ

ಅಕ್ಕ ಹೇಳಿದ್ದು ನನಗೆ ಹೊಳೆಯಲಿಲ್ಲ. ಮಹಡಿ ಬಾಡಿಗೆಗೆ ಕೊಟ್ಟರೆ ಆ ಆದಾಯ ರಿಟರ್ನಿನಲ್ಲಿ ತೋರಿಸಬೇಕು. ಅದನ್ನು ಸೇರಿಸಿದರೂ ನೀವು 12 ಲಕ್ಷದ ಒಳಗೇ ಇರುತ್ತೀರಿ, ಆದ್ದರಿಂದ ತೆರಿಗೆ ಬೀಳುವುದಿಲ್ಲ. ಮಹಡಿಗೆ ಬೇರೆ ಮೀಟರ್ ಇದೆಯಾ ನೋಡಿ. ಇದ್ದರೆ ಬಾಡಿಗೆಯವರು ತಮ್ಮ ಹೆಸರಿನಲ್ಲೇ ಗೃಹಜ್ಯೋತಿಗೆ ಅರ್ಜಿ ಹಾಕಬಹುದು, ಅವ್ವನ ಮೀಟರಿನ ಲೆಕ್ಕ ಕೆಡುವುದಿಲ್ಲ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಎರಡು ಮನೆ ಒಂದೇ ಮೀಟರಿನಲ್ಲಿ ಉರಿದು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

---

ಉಣಕಲ್ಲಿನವ

ಎಲ್ಲರಿಗೂ ನಮಸ್ಕಾರ. ಹತ್ತು ದಿನ ಬರೆಯಲು ಆಗಲಿಲ್ಲ. ಊರಿಗೆ ಹೋಗಿ ಬಂದೆ.

ಮೊದಲ ಸಂಬಳ ಬಂತು. 63,950. ಪಿಂಪ್ರಿ ಸರ್ ಹೇಳಿದ ನೂರು ರೂಪಾಯಿಯೂ ಸರಿಯಾಗಿ ಕಡಿಮೆ ಇತ್ತು. ಅವರು ಮೊದಲೇ ಹೇಳದಿದ್ದರೆ ನಾನು ಆ ದಿನ 85,000 ಬರುತ್ತದೆ ಅಂತ ಕಾಯುತ್ತಾ, 17,500ದ ಮನೆಗೆ ಅಡ್ವಾನ್ಸ್ ಕೊಟ್ಟು ಕೂತಿರುತ್ತಿದ್ದೆ. ಪಿಎಫ್ ವರ್ಗಾವಣೆಗೆ ಹಾಕಿದ್ದೇನೆ, ಮುರಿಸಲಿಲ್ಲ.

ಅಕ್ಕಾ, ಮಹಡಿ ಖಾಲಿ ಇತ್ತು. ತಮ್ಮ ಬೆಂಗಳೂರಿನಿಂದ ದೀಪಾವಳಿಗೆ ಬಂದಾಗ ನಾಲ್ಕು ದಿನ ಇರುತ್ತಾನೆ, ಅಷ್ಟೇ. ಅವನಿಗೆ ಏನನ್ನಿಸುತ್ತದೋ ಅಂತ ನಾನು ಆ ಮಾತು ಎತ್ತಿಯೇ ಇರಲಿಲ್ಲ. ಈ ಸಲ ಅವ್ವನ ಮುಂದೆ ಕೂತು ಕೇಳಿದೆ. ಅವ್ವ ಒಂದೇ ಮಾತಿನಲ್ಲಿ, "ಮ್ಯಾಲ ಯಾರರ ಓಡ್ಯಾಡೂ ಸಪ್ಪಳ ಕೇಳಿದ್ರ ನನಗೂ ನಿದ್ದಿ ಹತ್ತತೈತಿ" ಅಂದರು. ತಮ್ಮನಿಗೆ ಅವರೇ ಫೋನ್ ಮಾಡಿ ಹೇಳಿದರು. ಅವನು, ಇದನ್ನು ಮೊದಲೇ ಮಾಡಬೇಕಿತ್ತು ಅಣ್ಣಾ ಅಂದ. ನಮ್ಮ ಓಣಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬರು ಸಂಸಾರ ಸಮೇತ ಮೇ ತಿಂಗಳಿಗೆ ಬರುತ್ತೇನೆ ಅಂದಿದ್ದಾರೆ. 7,500ಕ್ಕೆ ಮಾತಾಯಿತು. ಮೀಟರ್ ಬೇರೆ ಇಲ್ಲ, ಅದಕ್ಕೆ ಅರ್ಜಿ ಕೊಟ್ಟು ಬಂದೆ.

ಮೋಶಿಯಲ್ಲಿ ಒಂದು ಬೆಡ್‌ರೂಮಿನ ಮನೆ 14,000ಕ್ಕೆ ಇದೆ. ಕಾವಲುಗಾರರನ್ನು ಕೇಳಿದೆ. ದಿನಕ್ಕೆ ಎರಡು ಟ್ಯಾಂಕರ್, ಮೇ ತಿಂಗಳಲ್ಲಿ ನಾಲ್ಕು ಅಂದರು. ಪಕ್ಕದ ಹಳೇ ಕಟ್ಟಡಕ್ಕೆ ಕಾರ್ಪೊರೇಷನ್ ನೀರು ಬರುತ್ತದಂತೆ, ಟ್ಯಾಂಕರ್ ಇಲ್ಲ, ಲಿಫ್ಟೂ ಇಲ್ಲ. ಅಲ್ಲಿ ಮೂರನೇ ಮಹಡಿ, ಬಾಡಿಗೆ ಅಷ್ಟೇ. ಅದನ್ನೇ ನೋಡುತ್ತಿದ್ದೇನೆ.

ಬಸ್ಸಿನ ಹೊತ್ತನ್ನೂ ಬರೆದಿಟ್ಟೆ. ಮೋಶಿಯಲ್ಲಿ ಇಳಿಯುವವರ ಜೊತೆ ಐದು ದಿನ ಇಳಿದು ನೋಡಿದೆ. ಬೆಳಿಗ್ಗೆ 45 ನಿಮಿಷ. ಸಂಜೆ ಒಂದು ದಿನ 50, ಒಂದು ದಿನ ಒಂದೂವರೆ ಗಂಟೆ, ಉಳಿದ ದಿನ ಒಂದು ಗಂಟೆ ಐದು ನಿಮಿಷದ ಹತ್ತಿರ. ಏಳಕ್ಕೆ ಮನೆಯಲ್ಲಿ ಇರುತ್ತೇನೆ. ಮಗಳು ಮಲಗುವುದು ಒಂಬತ್ತೂವರೆಗೆ.

ಈಗ ಲೆಕ್ಕ ಹೀಗಿದೆ. ನನ್ನ 64,050, ಮಹಡಿಯ 7,500, ಒಟ್ಟು 71,550. ಖರ್ಚು 64,600. ಹೆಂಡತಿಗೆ ಕೆಲಸ ಸಿಗದಿದ್ದರೂ ಏಳು ಸಾವಿರದ ಹತ್ತಿರ ಉಳಿಯುತ್ತದೆ. 18,000ದ ಕೆಲಸ ಸಿಕ್ಕರೆ ಹುಬ್ಬಳ್ಳಿಯಲ್ಲಿ ಉಳಿಯುತ್ತಿದ್ದಷ್ಟೇ ಹೆಚ್ಚು ಕಡಿಮೆ ಇಲ್ಲೂ ಉಳಿಯುತ್ತದೆ. ಡಿಪಾಜಿಟ್, ಬ್ರೋಕರ್, ಲಾರಿ ಇವಕ್ಕೆ ನಾನು ಮೇ ತನಕ ರೂಮಿನಲ್ಲೇ ಇದ್ದು ಉಳಿಸಿದ ದುಡ್ಡು ಸಾಕಾಗುತ್ತದೆ. ಕಾರು ಅಲ್ಲೇ ಇರಲಿ, ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಲು ಪಕ್ಕದ ಮನೆಯ ಹುಡುಗ ಓಡಿಸುತ್ತಾನೆ.

ಆದರೆ ಅಕ್ಕಾ, ನಿಮ್ಮ ನಾಲ್ಕು ವರ್ಷದ ಮಾತನ್ನು ನಾನು ಹೆಂಡತಿಗೆ ಓದಿ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ನನಗೂ ಇದೇ ಭಯ ಇತ್ತು, ನೀವು ಖುಷಿಯಲ್ಲಿದ್ದಿರಿ ಅಂತ ಹೇಳಲಿಲ್ಲ ಅಂದಳು. ಹದಿನೈದು ದಿನ ನಾನು ಏಳು ಸಾವಿರ, ಹದಿನಾಲ್ಕು ಸಾವಿರ ಅಂತ ಕೂಡಿ ಕಳೆದದ್ದೇ ಆಯಿತು, ಅವಳನ್ನು ಒಂದು ಮಾತು ಕೇಳಿರಲಿಲ್ಲ. ಅವಳ ಶಾಲೆಯವರು ಏಪ್ರಿಲ್ 30ರ ತನಕ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ಇಲ್ಲಿ ಕೆಲಸ ಸಿಕ್ಕರೆ ಜೂನ್‌ಗೆ ಬರುತ್ತಾರೆ. ಸಿಗದಿದ್ದರೆ ಮುಂದಿನ ವರ್ಷ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತೇನೆ. ಇದು ಅವಳದೇ ತೀರ್ಮಾನ, ನನಗೂ ಒಪ್ಪಿಗೆ.

ಏಪ್ರಿಲ್ ಎರಡನೇ ವಾರದಲ್ಲಿ ತಾಯಿ ಮಗಳು ವಂದೇ ಭಾರತ್ ರೈಲಿಗೆ ಬರುತ್ತಾರೆ. ವಾರಕ್ಕೆ ಮೂರೇ ದಿನ ಅದು, ಟಿಕೆಟ್ ಈಗಲೇ ಮಾಡಿಸಿದೆ. ರೂಮಿನ ಗೆಳೆಯರು ಹತ್ತು ದಿನ ಬೇರೆ ಕಡೆ ಇರುತ್ತೇವೆ, ನೀವು ಸಂಸಾರ ಸಮೇತ ಇಲ್ಲೇ ಇರಿ ಅಂದಿದ್ದಾರೆ.

ಕೊನೆಗೆ ಒಂದು ಸಹಾಯ. ಮೋಶಿ, ಭೋಸರಿ, ಪಿಂಪ್ರಿ ಕಡೆ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಗಣಿತದ ಟೀಚರ್ ಬೇಕಾಗಿರುವುದು ನಿಮಗೆ ಗೊತ್ತಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಅವಳು ಎಂಎಸ್ಸಿ, ಬಿಎಡ್. ಎಂಟರಿಂದ ಹತ್ತನೇ ಕ್ಲಾಸಿಗೆ ಹತ್ತು ವರ್ಷ ಪಾಠ ಮಾಡಿದ ಅನುಭವ ಇದೆ. ಹಿಂದಿ ಚೆನ್ನಾಗಿ ಬರುತ್ತದೆ. ಮರಾಠಿಯನ್ನು ಹೋದ ವಾರದಿಂದ ಶುರು ಮಾಡಿದ್ದಾಳೆ, ಪಕ್ಕದ ಮನೆಯ ಬೆಳಗಾವಿಯವರ ಹತ್ತಿರ.